ಇನ್ನು ಒಂದೇ ರೂಮು ಬಾಕಿ

ನಮ್ಮಕ್ಕನ ಮಗ ಹನಿಮೂನಿಗೆ ಯೂರೋಪಿನ ಮಾಂಟೆನೆಗ್ರೋಗೆ ಹೋಗ್ತಾನಂತೆ. ಸ್ವಿಟ್ಜರ್ಲೆಂಡಿಗೆ ಹೋದರೆ ಬರೀ ನಮ್ಮೋರೇ ಸಿಕ್ತಾರಂತೆ. ನಮ್ಮೋರು ಇಲ್ಲದ ಕಡೆ ಹೋಗಬೇಕು ಅನ್ನೋದು ಈಗ ನಮ್ಮೋರೆಲ್ಲರ ಆಸೆ. "ಮಾವ, ಹೇಗೂ ರಿಟೈರಾಗಿದ್ದೀರಲ್ಲ, ಸ್ವಲ್ಪ ರೂಮು ನೋಡಿ" ಅಂತ ಲಿಂಕು ಕಳಿಸಿದ. ಅವತ್ತಿಂದ ಚಿಕ್ಕಬಳ್ಳಾಪುರದ ನಮ್ಮನೆ ಜಗಲಿ ಮೇಲೆ ಕೂತು, ಏಡ್ರಿಯಾಟಿಕ್ ಸಮುದ್ರದ ದಡದಲ್ಲಿ ಯಾರ ಮನೆ ಬಚ್ಚಲು ಚೆನ್ನಾಗಿದೆ ಅಂತ ತೂಗಿ ನೋಡೋದೇ ನನ್ನ ಕೆಲಸ.

ದೇಶ ಚಿಕ್ಕದು. ಇಡೀ ದೇಶದ ಜನ ಸೇರಿದರೆ ಆರೂಕಾಲು ಲಕ್ಷ, ಅಂದರೆ ನಮ್ಮ ಜಿಲ್ಲೆಯ ಅರ್ಧ. ಹೆಸರಿನ ಅರ್ಥ ಕರಿಬೆಟ್ಟ. ಒಂದು ಕಡೆ ಸಮುದ್ರ, ಮಿಕ್ಕಿದ್ದೆಲ್ಲ ಗುಡ್ಡ. ಬಾಡಿಗೆ ರೂಮಿಗೆ ಅವರ ಭಾಷೆಯಲ್ಲಿ 'ಸೋಬೆ' ಅಂತಾರೆ. ರಸ್ತೆ ಬದಿಯ ಮನೆಮನೆಗೂ ಅದೇ ಬೋರ್ಡು. ನಮ್ಮ ಹುಡುಗ ಸೋಬಾನೆ ಹಾಡಿಸಿಕೊಂಡ ಮೂರನೇ ವಾರಕ್ಕೇ ಸೋಬೆ ಹುಡುಕೋಕೆ ಶುರುಮಾಡಿದ.

ರೂಮು ಬುಕ್ ಮಾಡೋ ವೆಬ್‌ಸೈಟಿನ ತುಂಬ ಸತ್ಯವೇ ಇದೆ, ಸುಳ್ಳು ಅಂತ ಯಾರೂ ಹೇಳೋ ಹಾಗಿಲ್ಲ. 'ಸಮುದ್ರಕ್ಕೆ 50 ಮೀಟರ್' ಅಂತ ಹಾಕಿರ್ತಾರೆ. ಕೋಟರ್ ಅನ್ನೋ ಊರಿನ ಕೊಲ್ಲಿಯಲ್ಲಿ ಬೆಟ್ಟ ನೆಟ್ಟಗೆ ನೀರಿಗೇ ಇಳಿದಿದೆ, ಹಾಗಾಗಿ ಆ 50 ಮೀಟರು ಕೆಳಮುಖವಾಗಿ. 'ಹಳೇ ಪೇಟೆಯ ಹೃದಯಭಾಗ' ಅಂದರೆ ಕೋಟೆಯೊಳಗೆ ಕಾರು ಬರಲ್ಲ, ಸೂಟ್‌ಕೇಸು ಕಲ್ಲುಹಾಸಿನ ಮೇಲೆ ದಡಬಡ ಅಂತ ಎಳ್ಕೊಂಡು ಹೋಗಿ ಅಂತ. ಒಬ್ಬ ಪುಣ್ಯಾತ್ಮ ಬೆಕ್ಕು ಜಾಸ್ತಿ ಅಂತ ಎರಡು ನಕ್ಷತ್ರ ಕೊಟ್ಟಿದ್ದ. ಕೋಟರ್ ಹೆಸರುವಾಸಿಯಾಗಿರೋದೇ ಬೆಕ್ಕಿಗೆ. ತಿರುಪತಿಗೆ ಹೋಗಿ ಬೋಳುತಲೆ ಜಾಸ್ತಿ ಅಂದ ಹಾಗಾಯ್ತು.

"ಬರೀ ಸಮುದ್ರ ಬೇಡ ಮಾವ, ಹಿಲ್‌ಸ್ಟೇಷನ್ನೂ ಇರಲಿ" ಅಂದ. ಝಬ್ಲ್ಯಾಕ್ ಅಂತ ಒಂದೂರು, ಚಳಿಗಾಲದಲ್ಲಿ ಹಿಮದ ಮೇಲೆ ಜಾರೋಕೆ ಜನ ಅಲ್ಲಿಗೆ ಹೋಗ್ತಾರೆ. ಎತ್ತರ ನೋಡಿದೆ, 1,456 ಮೀಟರ್. ನಮ್ಮ ನಂದಿಬೆಟ್ಟ 1,478. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದೆ. 22 ಮೀಟರು ನಾವೇ ಮೇಲೆ! ಪಕ್ಕದಲ್ಲೇ ಬೊಬೊತೊವ್ ಕುಕ್ ಅಂತ 2,523 ಮೀಟರಿನ ಶಿಖರ ಇದೆ, ಆ ಲೆಕ್ಕ ತೆಗೆದರೆ ನಾನು ಬಾಯಿ ಮುಚ್ಕೋಬೇಕು. ಅದಕ್ಕೇ ತೆಗೆಯಲ್ಲ.

ನಂದಿಬೆಟ್ಟದ ಬುಡದಲ್ಲಿ ನಮಗೇನು ಸೋಬೆಗೆ ಬರವೇ? ನನಗೆ ಗೊತ್ತಿರೋ ಒಬ್ಬರ ದ್ರಾಕ್ಷಿ ತೋಟ ಈಗ 'ವೈನ್‌ಯಾರ್ಡ್ ಸ್ಟೇ' ಆಗಿದೆ. ಅದನ್ನ ಕಟ್ಟೋಕೆ ದ್ರಾಕ್ಷಿ ಕಿತ್ತು ಹಾಕಿದರು. ಗೇಟಿನ ಹತ್ತಿರ ಒಂದು ಚಪ್ಪರ ಮಾತ್ರ ಉಳಿಸಿಕೊಂಡಿದ್ದಾರೆ, ಫೋಟೋಗೆ. ಶೀಟಿನ ಛಾವಣಿ, ಕಿಟಕಿ ತೆಗೆದರೆ ಪಕ್ಕದವರ ಕೋಳಿಫಾರಂ, ಆದರೂ ಹೆಸರು 'ವ್ಯಾಲಿ ವ್ಯೂ'. ಶನಿವಾರ ರಾತ್ರಿ ಸ್ಪೀಕರಿನ ಸದ್ದಿಗೆ ಕೋಳಿಗೂ ನಿದ್ದೆ ಇಲ್ಲ. ಹಾಗಂತ ಕರಿಬೆಟ್ಟದವರು ಸಾಚಾ ಅಂದ್ಕೋಬೇಡಿ. ಸ್ವೇತಿ ಸ್ತೆಫಾನ್ ಅನ್ನೋ ಪುಟ್ಟ ದ್ವೀಪದಲ್ಲಿ ಬೆಸ್ತರ ಹಳ್ಳಿ ಇತ್ತು. 1950ರ ದಶಕದಲ್ಲಿ ಜನರನ್ನ ದಡಕ್ಕೆ ಕಳಿಸಿ ಊರಿಗೆ ಊರನ್ನೇ ಐಷಾರಾಮಿ ಹೋಟೆಲ್ ಮಾಡಿದರು. ನಮ್ಮೋರು ಇನ್ನೂ ಕೋಳಿಫಾರಂ ಹತ್ತಿರ ಇದ್ದಾರೆ, ಕಲೀತಾರೆ ಬಿಡಿ.

ಇನ್ನು ವೀಸಾ. ಮಾಂಟೆನೆಗ್ರೋ ಐರೋಪ್ಯ ಒಕ್ಕೂಟದಲ್ಲಿಲ್ಲ, ಒಂದೇ ವೀಸಾದಲ್ಲಿ ಹಲವು ದೇಶ ಸುತ್ತಬಹುದಾದ ಷೆಂಗೆನ್ ಗುಂಪಿನಲ್ಲೂ ಇಲ್ಲ, ಆದರೆ ಅಂಗಡಿಯಲ್ಲಿ ಓಡೋದು ಯೂರೋ. ಷೆಂಗೆನ್ ವೀಸಾ ಕೈಯಲ್ಲಿದ್ದರೆ 30 ದಿನದವರೆಗೆ ಒಳಗೆ ಬಿಟ್ಕೊಳ್ತಾರೆ. ಪಕ್ಕದ ಕ್ರೊಯೇಷಿಯಾ 2023ರ ಜನವರಿಯಿಂದ ಷೆಂಗೆನ್ನಿಗೆ ಸೇರಿದೆ. ಆ ವೀಸಾಕ್ಕೆ ರೂಮು ಬುಕ್ ಆಗಿರೋ ಕಾಗದ ಬೇಕು. ಅಂದರೆ ಕರಿಬೆಟ್ಟದಲ್ಲಿ ಮಲಗೋಕೆ ಕ್ರೊಯೇಷಿಯಾದಲ್ಲಿ ಹಾಸಿಗೆ ತೋರಿಸಬೇಕು. ಏಜೆಂಟ್ ಎಷ್ಟು ತಣ್ಣಗೆ ಹೇಳಿದ ಅಂತೀರಾ: "ಒಂದು ವಾರ ದುಬ್ರೊವ್ನಿಕ್‌ಗೆ ಹಾಕಿ ಸಾರ್, ಫ್ರೀ ಕ್ಯಾನ್ಸಲೇಷನ್ ಇರೋದೇ ನೋಡಿ ಹಾಕಿ, ವೀಸಾ ಬಂದಮೇಲೆ ತೆಗೆದುಬಿಡೋಣ." ಎಂಥ ವ್ಯವಸ್ಥೆ ನೋಡಿ. ಕೊಡೋನಿಗೆ ಸುಳ್ಳು ಅಂತ ಗೊತ್ತು, ತಗೊಳ್ಳೋನಿಗೂ ಗೊತ್ತು. ನಡುವೆ ಪ್ರಿಂಟು ತೆಗೆಯೋ ಜೆರಾಕ್ಸ್ ಅಂಗಡಿಯವನೊಬ್ಬ ಮಾತ್ರ ಪ್ರಾಮಾಣಿಕವಾಗಿ ದುಡೀತಾನೆ.

ಹೀಗೇ ನಗಾಡಿಕೊಂಡು ಬರೀಬಹುದು. ಆದರೆ ಮೊನ್ನೆ ರಾತ್ರಿ ಆ ಹುಡುಗ ಫೈಲು ಜೋಡಿಸೋದು ನೋಡಿದೆ. ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟು, ಆಫೀಸಿನ ರಜೆ ಪತ್ರ, ಇನ್ಶೂರೆನ್ಸು. ಫೀಸು ತಲೆಗೆ 90 ಯೂರೋ, ವೀಸಾ ಕೊಡದಿದ್ದರೂ ಅದು ವಾಪಸ್ ಬರಲ್ಲ. ದುಡ್ಡು ಕೊಟ್ಟು ನೋಡಿಕೊಂಡು ಬರೋಕೆ ಹೊರಟವನು ತಾನು ಓಡಿಹೋಗಲ್ಲ ಅಂತ ಇಪ್ಪತ್ತು ಕಡೆ ಸಹಿ ಹಾಕಬೇಕು. ಅಲ್ಲಿಂದ ಬರೋನಿಗೆ ನಮ್ಮ ಇ-ವೀಸಾ ಕೂತಲ್ಲೇ ಸಿಗುತ್ತೆ. ಸಾಕಾಗಿದೆ ಕಣ್ರೀ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳಿಬಿಡಲಿ, ರೂಮಿನ ರಸೀದಿ ಯಾಕೆ ಕೇಳ್ತಾರೆ?

ಇದಕ್ಕಿಂತ ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜೇ ವಾಸಿ. ಉದ್ದನೆ ಲೆಡ್ಜರು, ದಾರ ಕಟ್ಟಿದ ಪೆನ್ನು. 'ಬಂದ ಉದ್ದೇಶ' ಅನ್ನೋ ಕಾಲಮ್ಮಿನಲ್ಲಿ ಮೊದಲನೆಯವನು 'ಸ್ವಂತ ಕೆಲಸ' ಅಂತ ಬರೆದಿದ್ದರೆ, ಕೆಳಗಿನವರೆಲ್ಲ ಪುಟದ ಕೊನೆವರೆಗೂ ಎರಡೆರಡು ಚುಕ್ಕೆ ಇಟ್ಟು ಕೀಲಿ ಇಸ್ಕೊಂಡು ಹೋಗ್ತಾರೆ.

ಕೋಟರ್‌ನಲ್ಲಿ ಹುಡುಗಿಗೆ ಒಂದು ರೂಮು ಹಿಡಿಸಿದೆ, ನೀಲಿ ಕಿಟಕಿಯದು. 'ಬೇಗ ಮಾಡಿ, ಇನ್ನು ಒಂದೇ ರೂಮು ಬಾಕಿ' ಅಂತ ಕೆಂಪಕ್ಷರದಲ್ಲಿ ಬರ್ತಿದೆ. ಹನ್ನೊಂದು ದಿನದಿಂದ ದಿನಾ ಬೆಳಿಗ್ಗೆ ಕಾಫಿ ಕುಡೀತಾ ನೋಡ್ತಿದ್ದೀನಿ. ಇವತ್ತೂ ಒಂದೇ ಬಾಕಿ.