ಸತ್ಯಾಂಶ: ಗಣಿತ ಓದಿದವರಿಗೆ ಮೇಷ್ಟರ ಕೆಲಸವೊಂದೇ ಗತಿಯೇ?

ಡೊಂಬಿವಲಿಯ ನಮ್ಮ ಕನ್ನಡ ಬಳಗದ ವಾಟ್ಸ್‌ಆ್ಯಪ್‌ನಲ್ಲಿ ಹನ್ನೆರಡನೆಯ ತರಗತಿಯ ಫಲಿತಾಂಶದ ಹೊತ್ತಿಗೆ ಒಂದು ಸಂದೇಶ ಸುತ್ತುತ್ತದೆ: ‘ಗಣಿತ ಪದವಿ ಪಡೆದರೆ ಪಾಠ ಹೇಳುವುದೊಂದೇ ದಾರಿ, ಜೀವಶಾಸ್ತ್ರಕ್ಕೂ ಗಣಿತಕ್ಕೂ ಸಂಬಂಧವಿಲ್ಲ.’ ಇದು ತಪ್ಪು.

ಸಾಕ್ಷಿ ಮುಂಬಯಿಯಲ್ಲೇ ಇದೆ. 1905–06ರಲ್ಲಿ ಇಲ್ಲಿ ಪ್ಲೇಗ್ ಹಬ್ಬಿದಾಗ ವಾರವಾರದ ಸಾವುಗಳನ್ನು ಬರೆದಿಟ್ಟಿದ್ದರು. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು, ರೋಗ ಹರಡುವ ಬಗೆಯನ್ನು ಹೇಳುವ ತಮ್ಮ ಸಮೀಕರಣವನ್ನು ಆ ಅಂಕಿಗಳೊಂದಿಗೆ ಹೋಲಿಸಿದರು. ಏರಿ ಇಳಿಯುವ ರೇಖೆ ಬಹುಮಟ್ಟಿಗೆ ಹೊಂದಿತು. ಆ ಸಮೀಕರಣದ ತಿರುಳು ಇಷ್ಟೇ: ಸೋಂಕು ತಗಲಬಹುದಾದವರು, ಸೋಂಕಿತರು, ಗುಣವಾದವರು ಅಥವಾ ತೀರಿಕೊಂಡವರು ಎಂದು ಊರನ್ನು ಮೂರಾಗಿ ವಿಂಗಡಿಸಿ, ಯಾರು ಎಷ್ಟು ಬೇಗ ಒಂದರಿಂದ ಇನ್ನೊಂದಕ್ಕೆ ದಾಟುತ್ತಾರೆಂದು ಲೆಕ್ಕ ಹಾಕುವುದು. ಎಲ್ಲರಿಗೂ ತಗಲುವ ಮೊದಲೇ ರೋಗ ಏಕೆ ಇಳಿಮುಖವಾಗುತ್ತದೆ ಎಂಬುದನ್ನು ಈ ಲೆಕ್ಕವೇ ತೋರಿಸಿಕೊಟ್ಟಿತು. ಪ್ಲೇಗ್ ಇಲಿಗಳ ಚಿಗಟದಿಂದ ಹರಡುವ ರೋಗ, ಹಾಗಾಗಿ ಆ ಮಾದರಿ ಪೂರ್ಣವಲ್ಲ ನಿಜ. ಆದರೂ ಕೋವಿಡ್ ಕಾಲದ ಅನೇಕ ಅಂದಾಜುಗಳಿಗೆ ಅದೇ ಬುನಾದಿ.

ಪುಣೆಯ ಐಸರ್‌ನಲ್ಲಿ (ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಗಣಿತ, ಜೀವವಿಜ್ಞಾನ ಎರಡನ್ನೂ ಒಟ್ಟಿಗೆ ಓದಬಹುದು. ಅದೇ ಊರಿನ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಮುಂಗಾರನ್ನು ಸಮೀಕರಣಗಳಲ್ಲಿ ಹಿಡಿಯುವ ಕೆಲಸ ನಡೆಯುತ್ತದೆ. ಸಂಶೋಧನೆಗೆ ಸಾಮಾನ್ಯವಾಗಿ ಪಿಎಚ್‌ಡಿ ಬೇಕು, ಪ್ರೋಗ್ರಾಮಿಂಗ್ ಕಲಿಯಲೇಬೇಕು. ಇದನ್ನೂ ಮಕ್ಕಳಿಗೆ ಮುಂಚೆಯೇ ಹೇಳಿಬಿಡಿ.