ಮಾತ್ರೆ ಜೊತೆ ಹಾಲು ಕೊಡುವ ಮುಂಚೆ

ಹೋದ ಮಳೆಗಾಲದಲ್ಲಿ ಅಮ್ಮನಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಕೊಡಗಿನ ನಾಪೋಕ್ಲು ಕಡೆ ನಮ್ಮ ಮನೆ. ಹೊರಗೆ ಬಿಡದೆ ಸುರಿಯುವ ಮಳೆ, ಎರಡು ದಿನದಿಂದ ಕರೆಂಟೂ ಇಲ್ಲ. ವೈದ್ಯರು ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ಮಾತ್ರೆ ಉಷ್ಣ ಅಂತ ನಾನೇ ಪ್ರತಿ ಸಲ ಒಂದು ಲೋಟ ಹಾಲು ಕಾಯಿಸಿ ಕೊಟ್ಟೆ. ಜೊತೆಗೆ ಅಮ್ಮನ ಮಾಮೂಲಿ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ. ಎಲ್ಲವನ್ನೂ ಒಟ್ಟಿಗೆ ಅಂಗೈಗೆ ಹಾಕಿ ನುಂಗಿಸುತ್ತಿದ್ದೆ.

ನಾಲ್ಕನೇ ದಿನವೂ ಜ್ವರ ಇಳಿಯಲಿಲ್ಲ. ಬೇರೆ ವೈದ್ಯರ ಹತ್ತಿರ ಹೋದಾಗ ಅವರು ಮೊದಲು ಕೇಳಿದ್ದೇ, "ಇದನ್ನು ಯಾವುದರ ಜೊತೆ ಕೊಡ್ತಾ ಇದ್ದೀರಿ?" ನಾನು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ಜ್ವರ ಇಳಿಯದಿರಲು ಬೇರೆ ಕಾರಣವೂ ಇರಬಹುದು. ಆದರೆ ನಾನು ಕೊಟ್ಟ ಔಷಧಿಯಲ್ಲಿ ರಕ್ತಕ್ಕೆ ಸೇರಿದ್ದು ಎಷ್ಟು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಫಿಗೆ ಸುಣ್ಣ ಹಾಕಿದ ಮರುದಿನವೇ ಯಾರಾದರೂ ರಸಗೊಬ್ಬರ ಹಾಕುತ್ತಾರಾ? ಇಲ್ಲ ಅಲ್ವಾ. ಸುಣ್ಣದಲ್ಲಿರುವ ಕ್ಯಾಲ್ಸಿಯಂ ಗೊಬ್ಬರದ ರಂಜಕವನ್ನು (ಫಾಸ್ಫರಸ್) ಹಿಡಿದುಕೊಳ್ಳುತ್ತದೆ, ಗಿಡದ ಬೇರಿಗೆ ಸಿಗುವುದಿಲ್ಲ. ಅದಕ್ಕೇ ನಡುವೆ ಅಂತರ ಬಿಡುತ್ತೇವೆ. ಹೊಟ್ಟೆಯೊಳಗೆ ಆಗುವುದೂ ಹೆಚ್ಚುಕಡಿಮೆ ಅದೇ. ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಜಾತಿಯ ಔಷಧಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಅಲ್ಯೂಮಿನಿಯಂ ಲೋಹಗಳ ಅಯಾನುಗಳನ್ನು, ಅಂದರೆ ವಿದ್ಯುತ್ ಆವೇಶ ಇರುವ ಕಣಗಳನ್ನು, ಗದ್ದೆಯ ಏಡಿ ಬೆರಳು ಕಚ್ಚಿದ ಹಾಗೆ ಹಿಡಿದುಕೊಳ್ಳುತ್ತವೆ. ಇದಕ್ಕೆ ಕೀಲೇಷನ್ ಅಂತಾರೆ. ಆ ಪದ ಹುಟ್ಟಿದ್ದೂ ಏಡಿಯ ಕೊಂಡಿಗೆ ಇರುವ ಗ್ರೀಕ್ ಹೆಸರಿನಿಂದಲೇ. ಹಾಗೆ ಅಂಟಿಕೊಂಡ ಔಷಧಿ ಕರುಳಿನ ಗೋಡೆ ದಾಟುವುದು ಕಷ್ಟ. ಹೆಚ್ಚಿನ ಪಾಲು ಮಲದ ಜೊತೆ ಹೊರಗೆ ಹೋಗುತ್ತದೆ. ಎದೆಯುರಿಗೆ ಕುಡಿಯುವ ಆ್ಯಂಟಾಸಿಡ್‌ಗಳಲ್ಲೂ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವುದು ಜಾಸ್ತಿ. ಮಾತ್ರೆಯಿಂದ ಹೊಟ್ಟೆ ಉರಿಯಿತು ಅಂತ ಸುಮ್ನೆ ಎರಡು ಚಮಚ ಕುಡಿದರೂ ಇದೇ ಕಥೆ.

ನಮ್ಮ ಜಿಲ್ಲೆಯವರು ಟೆಟ್ರಾಸೈಕ್ಲಿನ್ ಜಾತಿಯದೇ ಆದ ಡಾಕ್ಸಿಸೈಕ್ಲಿನ್ ಬಗ್ಗೆ ತಿಳಿದಿರಲೇಬೇಕು. ಗದ್ದೆ ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಇಲಿ ಜ್ವರ ಬಂದರೆ ಕೊಡುವ ಔಷಧಿಗಳಲ್ಲಿ ಅದೂ ಒಂದು. ಹಾಲಿನಿಂದ ಅದಕ್ಕೆ ಆಗುವ ನಷ್ಟ ಕಡಿಮೆ. ಆದರೆ ಕಬ್ಬಿಣ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ರಕ್ತ ಸೇರಿದ ಡಾಕ್ಸಿಸೈಕ್ಲಿನ್ ಪಿತ್ತರಸದ ಜೊತೆ ಮತ್ತೆ ಕರುಳಿಗೆ ಬರುತ್ತದೆ. ಅಲ್ಲಿ ಕಬ್ಬಿಣ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಹೊತ್ತು ಬದಲಿಸಿದರೂ ನಷ್ಟ ಪೂರ್ತಿ ತಪ್ಪುವುದಿಲ್ಲ. ಆ ಕೆಲವು ದಿನ ಕಬ್ಬಿಣದ ಮಾತ್ರೆ ನಿಲ್ಲಿಸಬಹುದಾ ಅಂತ ವೈದ್ಯರನ್ನೇ ಕೇಳಿ. ತೋಟದ ಕಾರ್ಮಿಕರು ಇರುವ ನಮ್ಮ ಲೈನ್ ಮನೆಗಳ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಮಾತ್ರೆ ನುಂಗುವವರು ಎಷ್ಟು ಜನ ಇದ್ದಾರೆ, ನೋಡಿ.

ಹಾಗಂತ ಲೋಹ ಶತ್ರು ಅಲ್ಲ. ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದ ಒಳಗೆ ಹೋಗಿ ಅದರ ಪ್ರೋಟೀನ್ ತಯಾರಿಕೆ ನಿಲ್ಲಿಸುವುದು ಮೆಗ್ನೀಸಿಯಂ ಅಯಾನಿನ ಆಸರೆಯಿಂದಲೇ. ಡ್ಯಾಪ್ಟೊಮೈಸಿನ್ ಅನ್ನುವ ಇಂಜೆಕ್ಷನ್‌ಗೆ ಕ್ಯಾಲ್ಸಿಯಂ ಇಲ್ಲದಿದ್ದರೆ ಕೆಲಸವೇ ಆಗುವುದಿಲ್ಲ. ಲೋಹ, ಔಷಧಿ ಎರಡೂ ಒಂದಕ್ಕೊಂದು ಎಲ್ಲಿ, ಯಾವಾಗ ಸಿಗುತ್ತವೆ ಅನ್ನುವುದು ಮುಖ್ಯ. ಎಲ್ಲ ಆ್ಯಂಟಿಬಯೋಟಿಕ್‌ಗೂ ಈ ತೊಂದರೆ ಇಲ್ಲ. ಅಮಾಕ್ಸಿಸಿಲಿನ್ ಹಾಲಿನ ಜೊತೆ ಕೊಟ್ಟರೆ ಭಯವಿಲ್ಲ.

ಮಳೆಗಾಲದ ಕೊಡವ ತಿಂಗಳು ಕಕ್ಕಡದ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಮಾಡುವ ಊರು ನಮ್ಮದು. ಮದ್ದಿಗೆ ದಿನ ನೋಡುವುದು ನಮಗೆ ಗೊತ್ತಿದೆ. ಮಾತ್ರೆಗೂ ಹೊತ್ತು ನೋಡಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಬರೆದುಕೊಟ್ಟವರೂ ಇಲ್ಲ, ಅಂಗಡಿಯಲ್ಲಿ ಕೊಟ್ಟವರೂ ಇಲ್ಲ. ಸ್ಟ್ರಿಪ್ ಮೇಲೆ 1-0-1 ಅಂತ ಬರೆಯುವ ಪೆನ್ನಿನಲ್ಲೇ "ಹಾಲು, ಕಬ್ಬಿಣ, ಆ್ಯಂಟಾಸಿಡ್ ಜೊತೆ ಬೇಡ" ಅಂತ ಕನ್ನಡದಲ್ಲಿ ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು? ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯರು ಇಲ್ಲಿದ್ದರೆ ಇದನ್ನು ಕೇಳಿಯೇ ಕೇಳುತ್ತೇನೆ.

ಆ ಎರಡನೇ ವೈದ್ಯರು ಅಮ್ಮನಿಗೆ ಹೊಸ ಹೊತ್ತು ಬರೆದುಕೊಟ್ಟರು. ಸಿಪ್ರೊಫ್ಲಾಕ್ಸಾಸಿನ್ ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ, ಬರೀ ನೀರಿನಲ್ಲಿ. ಕಬ್ಬಿಣ ಮಧ್ಯಾಹ್ನ 1ಕ್ಕೆ, ಯಾಕೆಂದರೆ ಸಿಪ್ರೊ ನುಂಗಿ 2 ಗಂಟೆಯಾದರೂ ಆಗಿರಬೇಕು, ಮುಂದಿನದಕ್ಕೆ 6 ಗಂಟೆಯಾದರೂ ಇರಬೇಕು. ಕ್ಯಾಲ್ಸಿಯಂ ಕೋರ್ಸ್ ಮುಗಿಯುವವರೆಗೆ ಬೇಡ ಅಂದರು. ಆ ಚೀಟಿ ಇನ್ನೂ ನಮ್ಮ ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದೆ.