ಕೀ ಆನ್ಸರೇ ಸತ್ಯ, ಜಿಲ್ಲೆ ಮಿಥ್ಯ

ಆ ಕ್ವಿಜ್ ಫೈನಲ್ ನೀವೂ ನೋಡಿದ್ದೀರಿ, ಕಥೆ ಪೂರ್ತಿ ಹೇಳುವ ಅಗತ್ಯ ಇಲ್ಲ. ಟಿವಿಯಲ್ಲಿ ನೋಡದವರು ಮೊಬೈಲಿನಲ್ಲಿ ತುಣುಕು ನೋಡಿದ್ದೀರಿ. ಅದೂ ಇಲ್ಲ ಅಂದರೆ ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಬೈಯುವುದನ್ನಾದರೂ ಕೇಳಿರುತ್ತೀರಿ. ಎರಡೂ ತಂಡ 110. ಕೊನೇ ಪ್ರಶ್ನೆ. ಹಂಪಿ ಯಾವ ಜಿಲ್ಲೆಯಲ್ಲಿದೆ? ನಮ್ಮ ಸಿರುಗುಪ್ಪ ಕಡೆಯ ಸರ್ಕಾರಿ ಶಾಲೆ ಹುಡುಗಿ ಬಜರ್ ಒತ್ತಿ ‘ವಿಜಯನಗರ’ ಅಂದಳು. ಟೊಂಯ್ ಅಂತ ಸದ್ದಾಯಿತು, ಕೆಂಪು ದೀಪ ಹತ್ತಿತು. ಪಕ್ಕದ ತಂಡ ‘ಬಳ್ಳಾರಿ’ ಅಂದಿತು. ಮೇಲಿಂದ ಬಂಗಾರದ ಬಣ್ಣದ ಕಾಗದದ ಚೂರು ಸುರಿಯಿತು.

ಮೊದಲು ಚಾನೆಲ್‌ನವರಿಗೆ ಒಂದು ದೊಡ್ಡ ನಮಸ್ಕಾರ. ಬಳ್ಳಾರಿಯನ್ನು ಒಡೆದು ವಿಜಯನಗರ ಅಂತ ಹೊಸ ಜಿಲ್ಲೆ ಮಾಡ್ತೀವಿ ಅಂದಾಗ ಇಲ್ಲಿ ಬಂದ್ ಆಯಿತು, ಧರಣಿ ಆಯಿತು, ಟೈರ್ ಸುಟ್ಟಿದ್ದೂ ಆಯಿತು. ಸರ್ಕಾರ ಕೇಳಲಿಲ್ಲ. 2021ರಲ್ಲಿ ಹಂಪಿಯನ್ನು, ಹೊಸಪೇಟೆಯನ್ನು ಎತ್ತಿಕೊಂಡು ಹೋಗೇಬಿಟ್ಟರು. ಅಷ್ಟು ಜನ ಬೀದಿಗಿಳಿದು ಆಗದ್ದನ್ನು ಎಸಿ ಸ್ಟುಡಿಯೋದಲ್ಲಿ ಕೂತ ತೀರ್ಪುಗಾರರೊಬ್ಬರು ಬಟನ್ ಒತ್ತಿ ಮುಗಿಸಿಕೊಟ್ಟರು. ಹಂಪಿ ವಾಪಸ್ ಬಂತು! ಇನ್ನು ಕಲ್ಲಿನ ರಥ ತರೋದಕ್ಕೆ ಕ್ರೇನ್ ಯಾವಾಗ ಬರುತ್ತೆ, ಬಳ್ಳಾರಿಯಲ್ಲಿ ಎಲ್ಲಿ ಇಳಿಸ್ತಾರೆ, ಅದಷ್ಟು ಹೇಳಿಬಿಟ್ಟರೆ ನಾವು ಜಾಗ ಗುಡಿಸಿ ಇಡ್ತೀವಿ. ರಾಯಲ್ ಸರ್ಕಲ್‌ನಲ್ಲಿ ಇಟ್ಟರೆ ಟ್ರಾಫಿಕ್ ಆಗುತ್ತೆ, ಅದೊಂದು ಯೋಚನೆ ಮಾಡಬೇಕು.

ಅಷ್ಟಕ್ಕೂ ನಮ್ಮ ಕಡೆ ಬಂದು ‘ಯಾವ ಜಿಲ್ಲೆ’ ಅಂತ ಕೇಳೋದೇ ಸ್ವಲ್ಪ ಕಿಡಿಗೇಡಿತನ. ಹರಪನಹಳ್ಳಿಯವರನ್ನು ಕೇಳಿ ನೋಡಿ. ಹುಟ್ಟಿದ್ದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು, ಅಲ್ಲಿಗೆ ಹೋದರು. ಆಮೇಲೆ ಸಂವಿಧಾನದಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ 371(ಜೆ) ವಿಧಿ ಬಂದು, ಬಳ್ಳಾರಿಯಲ್ಲಿದ್ದವರಿಗೆ ಸೀಟು, ನೌಕರಿ ಅಂತ ಗೊತ್ತಾಗಿ, ಹೋರಾಟ ಮಾಡಿ ಮತ್ತೆ ಬಳ್ಳಾರಿಗೆ ಬಂದರು. ಬಂದು ಕೂತು ನೀರು ಕುಡಿಯುವಷ್ಟರಲ್ಲಿ ವಿಜಯನಗರ. ಮನೆ ಅದೇ, ಬಾಗಿಲ ಮುಂದಿನ ಬೇವಿನ ಮರ ಅದೇ. ಅಪ್ಪನ ಪಹಣಿಯಲ್ಲಿ ಒಂದು ಜಿಲ್ಲೆ, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು, ಮೊಮ್ಮಗಳ ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ಅಂಥವರು ಕ್ವಿಜ್‌ಗೆ ಹೋದರೆ ಆ್ಯಂಕರ್ ‘ನಿಮ್ಮೂರು ಯಾವುದು’ ಅಂತ ಪರಿಚಯಕ್ಕೆ ಕೇಳಿದಾಗಲೇ ಔಟ್.

ಇನ್ನೂ ಹಿಂದಕ್ಕೆ ಹೋದರೆ ಮಜಾ ಜಾಸ್ತಿ. 1953ರವರೆಗೆ ಬಳ್ಳಾರಿ ಇದ್ದದ್ದು ಮದ್ರಾಸಿನಲ್ಲಿ. ರಾಯಚೂರು 1956ರವರೆಗೆ ಹೈದರಾಬಾದಿನಲ್ಲಿ. ಕೊಪ್ಪಳ 1997ರವರೆಗೆ ರಾಯಚೂರಿನ ಒಳಗೆ. ಹೈದರಾಬಾದ್ ಕರ್ನಾಟಕ ಅಂತಿದ್ದದ್ದು 2019ರಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಬೋರ್ಡು ಬರೆಯುವ ಪೇಂಟರುಗಳಿಗೆ ನಿಜವಾಗಲೂ ಕಲ್ಯಾಣವೇ.

ಹಂಪಿಯೊಂದೇ ಅಲ್ಲ, ನಮ್ಮ ಕಡೆಯ ಯಾವ ಪ್ರಶ್ನೆ ಎತ್ತಿಕೊಂಡರೂ ಕೈ ಸುಡುತ್ತೆ. ತುಂಗಭದ್ರಾ ಅಣೆಕಟ್ಟು ಯಾವ ಜಿಲ್ಲೆ? ಒಂದು ತುದಿ ಹೊಸಪೇಟೆಯಲ್ಲಿ, ಇನ್ನೊಂದು ತುದಿ ಮುನಿರಾಬಾದಿನಲ್ಲಿ, ಅಂದರೆ ಕೊಪ್ಪಳದಲ್ಲಿ. ಹನುಮಂತ ಹುಟ್ಟಿದ್ದು ಎಲ್ಲಿ? ಆನೆಗೊಂದಿ ಹತ್ತಿರದ ಅಂಜನಾದ್ರಿ ಅಂತ ಗಂಗಾವತಿಯಲ್ಲಿ ಸಣ್ಣ ಮಗುವೂ ಹೇಳುತ್ತೆ. ಟಿಟಿಡಿಯವರು 2021ರಲ್ಲಿ ‘ಅಲ್ಲ, ತಿರುಮಲದಲ್ಲಿ’ ಅಂದರು. ಇದಕ್ಕೆ ನೆಗೆಟಿವ್ ಮಾರ್ಕ್ ಯಾರಿಗೆ? ಸರಿ, ಡ್ಯಾಮಿಗೆ ಗೇಟು ಎಷ್ಟು? ಇದರಲ್ಲೇನು ಗೊಂದಲ, 33. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಚೈನ್ ಕಡಿದು ಹೊಳೆಪಾಲಾಯಿತಲ್ಲ, ಆ ವಾರ ಫೈನಲ್ ಇದ್ದಿದ್ದರೆ? ಸಿಂಧನೂರು, ಗಂಗಾವತಿ ರೈತರು ಬೆಳೆ ಗತಿ ಏನು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಸ್ಟುಡಿಯೋದಲ್ಲಿ ‘32’ ಅಂದ ಮಗುವಿಗೆ ಟೊಂಯ್.

ಇನ್ನು ಆ ಕಾರ್ಯಕ್ರಮದ ವೈಭವ. ಉತ್ತರ ಹೇಳಿದ ಮೇಲೆ ಅದು ಸರಿಯೋ ತಪ್ಪೋ ಹೇಳೋದಕ್ಕೆ ಆ್ಯಂಕರ್ ತಗೊಳ್ಳುವ ಟೈಮ್ ಇದೆಯಲ್ಲ, ಅಷ್ಟರಲ್ಲಿ ಒಂದು ಪ್ಲೇಟ್ ಮಿರ್ಚಿ ಒಗ್ಗರಣೆ ತಿಂದು, ಚಾ ಕುಡಿದು, ಬಿಲ್ ಕೊಟ್ಟು ಬರಬಹುದು. ಢವಢವ ಅಂತ ಎದೆ ಬಡಿತದ ಸದ್ದು. ಅಮ್ಮನ ಮುಖ. ಮೇಷ್ಟ್ರ ಮುಖ. ಮತ್ತೆ ಅಮ್ಮನ ಮುಖ, ಈ ಸಲ ಸ್ಲೋ ಮೋಷನ್‌ನಲ್ಲಿ. ಆಮೇಲೆ ಸಿಮೆಂಟ್ ಜಾಹೀರಾತು, ಕೋಚಿಂಗ್ ಸೆಂಟರ್ ಜಾಹೀರಾತು, ಮತ್ತೆ ಸಿಮೆಂಟ್. ಪ್ರಶ್ನೆ ಏನಿತ್ತು ಅನ್ನೋದು ಅಷ್ಟೊತ್ತಿಗೆ ಮನೆಯವರಿಗೆಲ್ಲ ಮರೆತುಹೋಗಿರುತ್ತೆ. ಚಂದನದಲ್ಲಿ 2002ರಿಂದ ‘ಥಟ್ ಅಂತ ಹೇಳಿ’ ಬರುತ್ತಿದೆ. ಉತ್ತರ ಹೇಳಿದರೆ ಪುಸ್ತಕ ಕೊಟ್ಟು, ಉತ್ತರದ ಹಿಂದಿನ ವಿಷಯ ನಾಲ್ಕು ಮಾತು ಹೇಳಿ, ಮುಂದಿನ ಪ್ರಶ್ನೆಗೆ ಹೋಗ್ತಾರೆ. ಯಾರ ಅಮ್ಮನೂ ಅಳುವುದಿಲ್ಲ. ಪಾಪ, ಅವರಿಗೆ ಶೋ ಮಾಡೋದು ಗೊತ್ತಿಲ್ಲ!

ಆ ಹುಡುಗಿಯದ್ದು ಸ್ವಲ್ಪ ಹೇಳಬೇಕು, ಏಕೆಂದರೆ ತುಣುಕಿನಲ್ಲಿ ಅದನ್ನು ಬೇಗ ಕತ್ತರಿಸಿದ್ದಾರೆ. ಕೆಂಪು ದೀಪ ಹತ್ತಿದ ಮೇಲೂ ಅವಳ ಹೆಬ್ಬೆರಳು ಬಜರ್ ಮೇಲೇ ಇತ್ತು. ಕೊರಳಿಗೆ ಸಿಕ್ಕಿಸಿದ್ದ ಮೈಕು ದುಪಟ್ಟಾ ಒಳಗೆ ಸೇರಿಕೊಂಡಿತ್ತು. ಅದನ್ನು ಎಡಗೈಯಲ್ಲಿ ಎಳೆದು ಬಾಯಿ ಹತ್ತಿರ ತಂದು ಹೇಳಿದಳು: “ಸರ್, ಅದು ಈಗ ವಿಜಯನಗರ ಜಿಲ್ಲೆ ಐತ್ರಿ. ನಮ್ ಪುಸ್ತಕದಾಗೂ ಹಂಗಾ ಐತ್ರಿ.” ಜಗಳದ ದನಿ ಅಲ್ಲ. ಅಂಗಡಿಯಲ್ಲಿ ಚಿಲ್ಲರೆ ಹೆಚ್ಚು ಬಂದಿದ್ದರೂ ಅವಳು ಅದೇ ದನಿಯಲ್ಲೇ ಹೇಳುತ್ತಿದ್ದಳೇನೋ. ಆ್ಯಂಕರ್ ಏನು ಮಾಡಿದರು ಗೊತ್ತಲ್ಲ? “ಎಷ್ಟು ಮುದ್ದಾಗಿ ಮಾತಾಡ್ತೀಯಾ ಪುಟ್ಟಾ! ಐತ್ರಿ! ಇನ್ನೊಂದು ಸಲ ಹೇಳು!” ಜನ ಚಪ್ಪಾಳೆ ಹೊಡೆದರು. ಅವಳು ಇನ್ನೊಂದು ಸಲ ಹೇಳಲಿಲ್ಲ.

ತೀರ್ಪುಗಾರರು ಕೈಯಲ್ಲಿದ್ದ ಹಾಳೆ ನೋಡಿ “ನಮ್ಮ ಕೀ ಆನ್ಸರ್ ಪ್ರಕಾರ ಬಳ್ಳಾರಿ” ಅಂದರು. ಜೇಬಿನಲ್ಲಿ ಐವತ್ತರ ನೋಟಿದ್ದರೆ ಅದರ ಹಿಂದೆ ಹಂಪಿಯ ರಥ ಇದೆ, ಜಿಲ್ಲೆ ಮಾತ್ರ ಬರೆದಿಲ್ಲ, ಅದು ರಿಸರ್ವ್ ಬ್ಯಾಂಕಿನ ತಪ್ಪು. ಆದರೆ ಕೈಯಲ್ಲಿ ಫೋನ್ ಇತ್ತಲ್ಲ. ಅರ್ಧ ನಿಮಿಷದ ಕೆಲಸ. ಇರಲಿ, ಕೀ ಆನ್ಸರ್ ಬರೆಯುವವರ ಮೇಲೆ ನಾವು ಜಾಸ್ತಿ ಸಿಟ್ಟಾಗಬಾರದು. ಕೆಎಎಸ್ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯೇ 2024ರಲ್ಲಿ ಕನ್ನಡ ಪ್ರಶ್ನೆಪತ್ರಿಕೆಯ ತಪ್ಪುಗಳಿಂದಾಗಿ ಎರಡನೇ ಸಲ ನಡೆಯಿತು, ಎರಡನೇ ಸಲವೂ ತಪ್ಪು ಬಂತು. ನಾಳೆ ಆ ಪರೀಕ್ಷೆ ಪಾಸಾದವರೇ ಜಿಲ್ಲಾಡಳಿತ ನಡೆಸುವವರು. ಯಾವ ಜಿಲ್ಲೆ ಅಂತ ಅವರನ್ನೂ ಕೇಳಬೇಡಿ.

ನನಗೆ ಸಿಟ್ಟು ಬಂದಿರೋದು ಹತ್ತು ಅಂಕಕ್ಕಲ್ಲ. ಬೆಂಗಳೂರಿನ ಸ್ಟುಡಿಯೋಗಳಿಗೆ, ಗೈಡ್ ಅಚ್ಚು ಹಾಕುವವರಿಗೆ ನಾವು ಬೇಕಾಗೋದು ಒಂದು ಅಂಕದ ಉತ್ತರವಾಗಿ ಮಾತ್ರ. ಚಿನ್ನದ ಗಣಿ? ಹಟ್ಟಿ. ಅಶೋಕನ ಹೆಸರಿರುವ ಶಾಸನ? ಮಸ್ಕಿ. 1915ರಲ್ಲಿ ಅಲ್ಲಿ ಬಂಗಾರ ಹುಡುಕುತ್ತಿದ್ದ ಗಣಿ ಇಂಜಿನಿಯರಿಗೆ ಸಿಕ್ಕಿದ್ದು ರಾಜನ ಹೆಸರು. ಕರೆಂಟು ತಯಾರಾಗೋದು? ಶಕ್ತಿನಗರ. ಭತ್ತದ ಕಣಜ? ಗಂಗಾವತಿ. ಕಿನ್ನಾಳದ ಗೊಂಬೆ ಯಾವ ಜಿಲ್ಲೆ? ಇವೆಲ್ಲ ಕೇಳ್ತಾರೆ. ಎರಡು ಹೊಳೆ ನಡುವೆ ಇರುವ ರಾಯಚೂರಿನಲ್ಲಿ 2022ರಲ್ಲಿ ನಳದ ನೀರು ಕುಡಿದು ವಾಂತಿಭೇದಿಯಾಗಿ ಜನ ಸತ್ತರಲ್ಲ, ಅದು ಯಾವ ಕ್ವಿಜ್‌ನಲ್ಲೂ ಬಂದಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಭಾಗದ ಜಿಲ್ಲೆಗಳ ಹೆಸರು ಪಟ್ಟಿಯ ಬುಡದಿಂದ ಓದಿ ನಗ್ತಾರೆ. ಅದೇ ಬುಡದಿಂದ ಒಂದು ಮಗು ಫೈನಲ್‌ವರೆಗೆ ಬಂದು, ಸರಿಯಾದ ಉತ್ತರ ಹೇಳಿ, ಮರ್ಯಾದೆಯಿಂದ ತಿದ್ದಿದರೂ ಕೇಳಿಸಿಕೊಳ್ಳೋದಿಲ್ಲ. ಸಾಕಾಗಿದೆ ರೀ. ನಿಜಕ್ಕೂ ಸಾಕಾಗಿದೆ.

ಚಾನೆಲ್‌ಗೆ ಫೋನ್ ಮಾಡಿದವರಿಗೆಲ್ಲ ಒಂದೇ ಉತ್ತರ ಬಂತಂತೆ: “ಸರ್, ಪರಿಶೀಲಿಸ್ತೀವಿ.” ಪರಿಶೀಲನೆ ಎಷ್ಟು ಗಂಭೀರವಾಗಿ ನಡೆಯಿತು ಅನ್ನೋದು ಭಾನುವಾರ ಮಧ್ಯಾಹ್ನ ಮರುಪ್ರಸಾರದಲ್ಲಿ ಗೊತ್ತಾಯಿತು. ಆ ಪ್ರಶ್ನೆಯನ್ನೇ ತೆಗೆದುಬಿಟ್ಟಿದ್ದಾರೆ! ಹಂಪಿ ಇಲ್ಲ, ಟೊಂಯ್ ಇಲ್ಲ, ಹುಡುಗಿಯ ಮಾತಂತೂ ಇಲ್ಲವೇ ಇಲ್ಲ. ಎರಡೂ ತಂಡ 110 ಅಂತ ಪರದೆ ಮೇಲೆ ದಪ್ಪಕ್ಷರದಲ್ಲಿ ಬರುತ್ತೆ. ಢವಢವ ಆಗುತ್ತೆ. ಸಿಮೆಂಟ್ ಜಾಹೀರಾತು ಬರುತ್ತೆ. ಅದು ಮುಗಿಯುವಷ್ಟರಲ್ಲಿ ಒಂದು ತಂಡ ಕಪ್ ಹಿಡಿದುಕೊಂಡು ಕುಣೀತಾ ಇದೆ, ಇನ್ನೊಂದು ತಂಡ ಪಕ್ಕದಲ್ಲಿ ನಿಂತು ಚಪ್ಪಾಳೆ ಹೊಡೀತಾ ಇದೆ.

ಪಕ್ಕದ ಮನೆ ಅಜ್ಜಿ ಮರುಪ್ರಸಾರ ಮಾತ್ರ ನೋಡಿದವರು. “ಏನಪಾ, ಇಬ್ಬರದೂ ಸಮ ಇತ್ತಲ್ಲಾ, ಅವರಿಗ್ಯಾಕ ಕೊಟ್ರು?” ಅಂತ ಕೇಳಿದರು. ಚೆನ್ನಾಗಿದೆ ಅನ್ನಿಸಿ, ಅಜ್ಜಿಯ ಪ್ರಶ್ನೆಯನ್ನು ಹಾಗೇ ಬರೆದು, ನಾಲ್ಕು ಆಯ್ಕೆ ಸೇರಿಸಿ, ಮುಂದಿನ ಸೀಸನ್‌ಗೆ ಅಂತ ಚಾನೆಲ್‌ಗೆ ಕಳಿಸಿದ್ದೇನೆ. ಕೀ ಆನ್ಸರ್ ಮಾತ್ರ ಅವರೇ ಬರೆದುಕೊಳ್ಳಲಿ.